ಹುಣ್ಣು ಹಸಿರಾದ ಮೇಲೆ

ಗುಡ್ಡದ ನೆತ್ತಿ,
ಗಾಳಿಮಾಸದ ನಲವತ್ತೊಂದನೆಯ ದಿನ, ಇಸವಿ ೨೩೧೮

ಗಾಯಕ್ಕೆ ನೇರಳೆ ದೀಪ ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿರುವ ತಂಗಿಗೆ, ಫಕೀರವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ತಿಂಗಳುಗಳು ಒಂದೊಂದು ಗಾಳಿ ಬೀಸುವಷ್ಟು ದಿನ ಇರುತ್ತವೆ. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಆದರೆ ಅಲ್ಲಿ ಆಸ್ಪತ್ರೆಯಲ್ಲಿ ನಿಂತಿರುವ ನೀನು ಹರೆಯದವಳು, ನಾನು ಹಲ್ಲುದುರಿದ ಮುದುಕಿ. ಹಾಗಾಗಿ ತಂಗಿ ಅಂತಲೇ ಕರೆಯುತ್ತೇನೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ. ಹೆಚ್ಚಿನವರು ತಮ್ಮ ಪೂರ್ವಿಕರಿಗೆ ಬರೆದು, ಆ ಜಾಗ ಮಾರಬೇಡಿ, ಆ ಮನೆಗೆ ಹೆಣ್ಣು ಕೊಡಬೇಡಿ ಎಂದು ಬುದ್ಧಿ ಹೇಳುತ್ತಾರೆ. ನನಗೆ ಅಂಥ ಆಸೆಯಿಲ್ಲ. ನನ್ನದು ಕಾಲಿನ ಹುಣ್ಣಿನ ವಿಷಯ.

ನಮ್ಮ ಜನರೆಲ್ಲ ಬಿಸಿಲಿಗೆ ಹೆದರಿ ನೆಲದಡಿಯ ತಂಪೂರುಗಳಲ್ಲಿ ಇರುತ್ತಾರೆ. ಅವರಿಗೆ ತಂಪು ಕೊಡುವ ಗಾಳಿಯಂತ್ರಗಳು ಮಾತ್ರ ಗುಡ್ಡದ ಮೇಲಿವೆ, ಅವುಗಳನ್ನು ನೋಡಿಕೊಳ್ಳಲು ನಾನೊಬ್ಬಳು. ಬೆಳಿಗ್ಗೆ ಎದ್ದು ರೆಕ್ಕೆಗಳ ಸದ್ದಿಗೆ ಕಿವಿಗೊಡುತ್ತೇನೆ. ಕರಕರ ಅಂದರೆ ಎಣ್ಣೆ ಬಿಡುತ್ತೇನೆ. ರೊಟ್ಟಿ ಬಡಿಯುತ್ತ ಯಂತ್ರಗಳನ್ನು ಬಾಯಿಗೆ ಬಂದಂತೆ ಬೈಯುತ್ತೇನೆ. ಥೂ, ಒಂದಾದರೂ ತಿರುಗಿ ಬೈಯಬಾರದೇ! ಗಂಡ ತೀರಿಕೊಂಡ ಮೇಲೆ ಈ ಗುಡ್ಡ ಹತ್ತಿದವರು ಯಾರೂ ಇರಲಿಲ್ಲ. ಕಳೆದ ಸುಗ್ಗಿಯಲ್ಲಿ ಯಂತ್ರದ ತಗಡು ಕಳಚಿ ಬಿದ್ದು ಮೊಣಕಾಲ ಕೆಳಗೆ ಸೀಳಿತು. ಸಕ್ಕರೆ ಕಾಯಿಲೆಯ ಮೈ. ನಿಮ್ಮ ಕಾಲದ ಎಲ್ಲ ಹೋದರೂ ಅದೊಂದು ನಮ್ಮವರೆಗೂ ಬಂದಿದೆ ನೋಡು. ಗಾಯ ಹುಣ್ಣಾಯಿತು, ಮಾಯಲೇ ಇಲ್ಲ. ಆಗ ದಾವಲಬಿ ಬಂದಳು.

ದಾವಲಬಿ ತಂಪೂರಿನ ದೀಪದಾಕೆ. ಹುಣ್ಣಾದವರ ಮನೆಗೆ ವಾರಕ್ಕೊಮ್ಮೆ ದೀಪ ತಂದು ನೋಡುವುದು ಅವಳ ಕೆಲಸ. ತನ್ನ ಹುಣ್ಣಿಗೆ ತಾನೇ ದೀಪ ಹಿಡಿಯಬಾರದೆಂದು ನಮ್ಮಲ್ಲಿ ಕಟ್ಟಳೆ, ಏಕೆಂದರೆ ಎಲ್ಲರೂ ಚೆನ್ನಾಗಿರುವ ಕಡೆಯಷ್ಟೇ ನೋಡಿಕೊಂಡು ಸುಮ್ಮನಾಗುತ್ತಾರೆ. ಅವಳು ಕಿಟಕಿ ಬಾಗಿಲು ಹಾಕಿ, ಸಂದಿಗಳಿಗೆಲ್ಲ ಕಂಬಳಿ ತುರುಕಿ ಕತ್ತಲು ಮಾಡುತ್ತಾಳೆ. ಆ ನೇರಳೆ ಬೆಳಕು ಬಿದ್ದರೆ ಮೈ ತಾನೇ ಹೊಳೆಯುವುದು ನಿನಗೂ ಗೊತ್ತಲ್ಲ. ಕ್ರಿಮಿ ಕೂತಲ್ಲಿ ಒಲೆಯ ಕೆಂಡದ ಹಾಗೆ ಕೆಂಪು, ಮಾಂಸ ಗಟ್ಟಿಯಾಗಿ ಕೂಡಿದಲ್ಲಿ ತಿಳಿ ಹಸಿರು. ಕೆಂಪಿದ್ದಲ್ಲಿ ಒರೆಸುತ್ತ, ತೊಳೆಯುತ್ತ ತನ್ನ ಸೊಸೆಯ ಅಡುಗೆಯನ್ನು ಆಡಿಕೊಳ್ಳುತ್ತಾಳೆ. ನಾನು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಕತ್ತಲಲ್ಲಿ ಅವಳ ಬೆಚ್ಚನೆಯ ಕೈ ನನ್ನ ಕಾಲ ಮೇಲೆ ಇರುತ್ತಿತ್ತು. ವಾರವಿಡೀ ನಾನು ಕಾಯುತ್ತಿದ್ದದ್ದು ಅದಕ್ಕೇ.

ಕೆಂಪು ಕಡಿಮೆಯಾಗುತ್ತ ಬಂತು. ಹುಣ್ಣು ಪೂರ್ತಿ ಹಸಿರಾದ ಮನೆಗೆ ದೀಪದಾಕೆ ಮತ್ತೆ ಹೋಗುವುದಿಲ್ಲ. ಮೇಲೆ ಕೆಲಸವಿಲ್ಲದವರು ಹೊರಬರಲು ತಂಪೂರಿನ ಬಾಗಿಲೂ ತೆರೆಯುವುದಿಲ್ಲ. ಇದು ನೆನಪಾದಾಗೆಲ್ಲ ಕಾಲು ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾರದೆ ಹೊಸ ಚರ್ಮವನ್ನು ಉಗುರಿನಿಂದ ಕೆರೆದುಬಿಟ್ಟೆ. ಮುಂದಿನ ವಾರ ದೀಪ ಹಿಡಿದರೆ, ಹಸಿರಿನ ನಡುವೆ ಉಗುರು ಎಳೆದ ಗೆರೆಗಳೆಲ್ಲ ಕೆಂಪು ಕೆಂಪು!

“ಯವ್ವಾ, ಇದು ತಾನ ಆಗಿದ್ದಲ್ಲ ತಗಿ. ಉಗುರ ಹಾಕೀದಿ, ಹೌದಿಲ್ಲೋ?” ಎಂದಳು.

ನಾನು ಕೂಸಿನ ಹಾಗೆ ಅತ್ತುಬಿಟ್ಟೆ. ಅವಳು ದೀಪ ಆರಿಸಿ, ಕತ್ತಲಲ್ಲೇ ಬಹಳ ಹೊತ್ತು ಪಕ್ಕದಲ್ಲಿ ಕೂತಳು. “ಹುಣ್ಣ ಕೆಟ್ಟು ಕಾಲ ಕತ್ತರಿಸಿದ್ರ ನಿನ್ನ ಕೆಳಗ ಒಯ್ದು ಮೂಲ್ಯಾಗ ಕುಂದರಸ್ತಾರ. ಸುಮ್ನ ಮಾಯಾಕ ಬಿಡು. ನಾ ಹಿರ್ಯಾರನ್ನ ಕೇಳಿ ನೋಡ್ತೀನಿ” ಎಂದಳು.

ಕೇಳಿದಳಂತೆ. ವಾಸಿಯಾದವರ ಮನೆಗೆ ಹೋಗುವ ಪದ್ಧತಿ ದೀಪ ಬಂದ ದಿನದಿಂದಲೂ ಇಲ್ಲ, ಹೊಸದಾಗಿ ಹಾಕಿಕೊಡಲು ನಾವ್ಯಾರು ಎಂದರಂತೆ ಹಿರಿಯರು. ನಿನ್ನೆ ನನ್ನ ಹುಣ್ಣು ಪೂರ್ತಿ ಹಸಿರಾಯಿತು. ನಾನು ಮತ್ತೆ ಉಗುರು ತಾಗಿಸಿರಲಿಲ್ಲ. ದಾವಲಬಿ ಖುಷಿಯಿಂದ ನನ್ನ ಗಲ್ಲ ಸವರಿ, ಕಣ್ಣೊರೆಸಿಕೊಂಡು ಇಳಿದು ಹೋದಳು. ಕಂಬಳಿಗಳು ಇನ್ನೂ ಕಿಟಕಿಯ ಸಂದಿಯಲ್ಲೇ ಇವೆ.

ತಂಗೀ, ದೀಪ ಬಂದ ದಿನ ಅಂದರೆ ನಿನ್ನ ಕಾಲ. ಅದಕ್ಕೇ ನನ್ನ ಒಂದೇ ಓಲೆಯನ್ನು ನಿನಗೆ ಬರೆದೆ. ನಿನ್ನ ಮುಂದೆ ಕಾಲು ಚಾಚಿದವರ ಗಾಯ ಹಸಿರಾದ ಮೇಲೂ ಒಮ್ಮೆ ಅವರಲ್ಲಿಗೆ ಹೋಗು. ದೀಪ ಬೇಡ. ಸುಮ್ಮನೆ ಕೂತು, ಯಾರನ್ನಾದರೂ ಆಡಿಕೊಂಡು ಬಾ. ನಿನ್ನ ನಂತರದವರಿಗೂ ಹಾಗೇ ಕಲಿಸು. ನೀನು ಶುರುಮಾಡಿದರೆ ನಮ್ಮಲ್ಲಿ ಅದು ಹಿಂದಿನಿಂದ ಬಂದ ಪದ್ಧತಿಯಾಗುತ್ತದೆ, ಹಿರಿಯರು ಬಾಯಿ ಮುಚ್ಚಿಕೊಂಡು ಬಾಗಿಲು ತೆರೆಯುತ್ತಾರೆ.

ನೀನು ಮರುಓಲೆ ಬರೆಯಬೇಕಿಲ್ಲ. ಮುಂದಿನ ವಾರ ಅವಳು ಬರುತ್ತಿದ್ದ ಹೊತ್ತಿಗೆ ನಾನು ಯಂತ್ರಗಳನ್ನೆಲ್ಲ ನಿಲ್ಲಿಸಿ ಹೊಸ್ತಿಲಲ್ಲಿ ಕೂರುತ್ತೇನೆ. ಕೆಳಗಿನವರು ಸ್ವಲ್ಪ ಹೊತ್ತು ಬೆವರಲಿ. ಹೆಜ್ಜೆ ಸದ್ದು ನನಗೆ ಕೇಳಬೇಕು.

ಇಂತು,
ಫಕೀರವ್ವ