ಪೆಪ್ಪರಮಿಂಟ್ ಕಾಗದದ ಸದ್ದು

ಅಕ್ಕನಿಗೆ ನಮಸ್ಕಾರ.

ರಂಗದ ಮೇಲೆ ಏಳು ಸಾಮ್ರಾಜ್ಯ ಗೆದ್ದು ಗರ್ಜಿಸಿದ ನಿನ್ನ ತಮ್ಮನಿಗೆ ಆಸ್ಪತ್ರೆಯ ಬಾಗಿಲು ದಾಟುವ ಧೈರ್ಯ ಬರಲಿಲ್ಲ. ಅದಕ್ಕೇ ಈ ಪತ್ರ.

ಭಾನುವಾರ ಮಧ್ಯಾಹ್ನದ ತಾಲೀಮಿನಲ್ಲಿ ನಿನ್ನ ಪೆಪ್ಪರಮಿಂಟ್ ಡಬ್ಬಿ ಕಸಿದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನು ನಾನೇ. ಪರದೆಯ ಪಕ್ಕದಲ್ಲಿ ಕೂತು ನೀನು ನಮಗೆ ಮಾತು ಎತ್ತಿಕೊಡುವಾಗ ಆ ಪೆಪ್ಪರಮಿಂಟ್ ಸುತ್ತಿದ ಕಾಗದದ ಚರಪರ ಸದ್ದು ನನ್ನ ಸಂಭಾಷಣೆಗೆ ಅಡ್ಡ ಬರುತ್ತಿತ್ತು. "ಇನ್ಸುಲಿನ್ ತಗೊಂಡಾಗಿದೆ ಕಣೋ, ಊಟ ಮಾಡ್ಬೇಕು" ಎಂದು ನೀನು ಹೇಳಿದಾಗಲೂ, "ಈ ಅಂಕ ಮುಗೀಲಿ ಅಕ್ಕ, ಊಟ ಎಲ್ಲಿ ಓಡಿಹೋಗುತ್ತೆ?" ಎಂದು ಎಲ್ಲರನ್ನೂ ನಗಿಸಿದೆ.

ಆಮೇಲೆ ನೀನು ಮಾತು ಎತ್ತಿಕೊಡುತ್ತಲೇ ತೊದಲತೊಡಗಿದೆ, ಬೆವತುಹೋದೆ. "ಮಹಾರಾಣಿಯವರಿಗೆ ನಿದ್ದೆ ಬಂತೇನೋ" ಎಂದು ಅಣಕಿಸಿದವನೂ ನಾನೇ. ರಕ್ತದ ಸಕ್ಕರೆ ಇಳಿದು ನೀನು ಕುಸಿದಾಗ, ಆ ಪೆಟ್ಟಿಗೆಯ ಬೀಗದ ಕೈ ರಾಜನ ನಿಲುವಂಗಿಯ ಯಾವ ಜೇಬಿನಲ್ಲಿದೆ ಎಂಬುದೇ ಹೊಳೆಯಲಿಲ್ಲ. ಆಂಬುಲೆನ್ಸ್ ಬರುವವರೆಗೂ ತಡಕಾಡುತ್ತಲೇ ಇದ್ದೆ.

"ನಾನೇ ಊಟ ಮರೆತೆ" ಎಂದು ನೀನು ಡಾಕ್ಟರಿಗೆ ಹೇಳಿದೆಯೆಂದು ಭಾವ ತಿಳಿಸಿದರು. ದಯವಿಟ್ಟು ನಿಜ ಹೇಳು ಅಕ್ಕ.

ಇನ್ನು ಮೇಲೆ ನಿನ್ನ ಊಟವಾಗದೆ ತಾಲೀಮು ಶುರುವಾಗುವುದಿಲ್ಲ. ಡಬ್ಬಿ ನಿನ್ನ ಕುರ್ಚಿಯ ಮೇಲಿದೆ. ಸದ್ದಾಗದಿರಲೆಂದು ಕಾಗದಗಳನ್ನು ಬಿಚ್ಚಿಡಲು ಕೂತವನು ಹಾಗೇ ಬಿಟ್ಟೆ. ಆ ಸದ್ದು ಕೇಳಿಸಿದರೆ ನಾನು ಮಾತು ನಿಲ್ಲಿಸಿ ಕಾಯುತ್ತೇನೆ.

ಒಳಗೆ ಬರಲು ನಿನ್ನ ಅಪ್ಪಣೆಗಾಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುವ,
ನಿನ್ನ ತಮ್ಮ