ಅಕ್ಕನ ಜೀವಕೋಶಗಳು

ಮಾರ್ಚ್ 3
ಲ್ಯಾಬಿನಲ್ಲಿ ಇಂದು ಅರವತ್ತು ಸ್ಲೈಡ್. ಬಗ್ಗಿ ಬಗ್ಗಿ ಕುತ್ತಿಗೆ ಕಲ್ಲಾಗಿದೆ. ಮನೆಗೆ ಬಂದರೆ ಕೆಳಗಿನ ಮಹಡಿಯ ಅಕ್ಕನ ಉಪನ್ಯಾಸ. ಬೆನ್ನುನೋವಿಗೆಂದು ಅವಳು ಕೈರೋಪ್ರಾಕ್ಟರ್ ಹತ್ತಿರ ಹೋಗತೊಡಗಿ ತಿಂಗಳಾಯಿತು. ಬೆನ್ನೆಲುಬನ್ನು ಕೈಯಿಂದಲೇ ಒತ್ತಿ, ಲಟಕ್ಕೆನ್ನಿಸಿ ಸರಿಮಾಡುವವನು. ನೋವು ಹೋಗಿದೆ, ಸುಳ್ಳು ಹೇಳಬಾರದು. ಈಗ ಬೆನ್ನಿನ ಮಾತೇ ಇಲ್ಲ. ಬರೀ ಸೆಲ್ಸ್!
"ಬೆನ್ನು ನೆಟ್ಟಗಾದ್ರೆ ಒಂದೊಂದು ಸೆಲ್ಲೂ ಹೊಸದಾಗುತ್ತಂತೆ ಕಣೇ."
"ಯಾರು ನೋಡಿದ್ದು?"
"ಕರಪತ್ರದಲ್ಲಿ ಬರೆದಿದ್ದಾರೆ."
ಏನೋ ಸಣ್ಣಪುಟ್ಟ ಅಧ್ಯಯನಗಳು ನಡೆದಿವೆ, ಯಾವುದೂ ಖಚಿತವಿಲ್ಲ ಎಂದೆ. ಕೇಳಿಸಿಕೊಂಡರೆ ತಾನೇ? ಹದಿನೆಂಟು ವರ್ಷ ಜೀವಕೋಶ ನೋಡಿದವಳು ನಾನು. ಹಿತ್ತಲ ಗಿಡ ಮದ್ದಲ್ಲ.

ಮಾರ್ಚ್ 9
ಕರಪತ್ರ ಈಗ ಅವಳ ಕನ್ನಡಿಯ ಮೇಲೆ. ಭಾವ ಓದಿ, "ನನ್ನ ಸೆಲ್ಲುಗಳೆಲ್ಲ ಆಗ್ಲೇ ರಿಟೈರ್ ಆದ್ವು" ಎಂದು ಪೇಪರಿನ ಹಿಂದೆ ಅಡಗಿದರು. ಬುದ್ಧಿವಂತರು.

ಏಪ್ರಿಲ್ 14
ತಿಂಗಳಿಂದ ಬರೆದಿಲ್ಲ. ಬರೆಯುವುದೇನು, ಅದೇ ರಾಗ. ಆದರೆ ಇಂದು... ಅಕ್ಕ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಟ್ಟಳು. ಮುಖ ಊದಿದೆ. ಮಾತು ಎಳೆಯುತ್ತಿದೆ.
"ಥೈರಾಯ್ಡ್ ಮಾತ್ರೆ ತಗೊಳ್ತಿದೀಯಾ?"
"ನಿಲ್ಸಿ ಆರು ವಾರ ಆಯ್ತು. ಸೆಲ್ಲೇ ಹೊಸದಾದ್ಮೇಲೆ ಮಾತ್ರೆ ಯಾಕೆ?"
ಹಣೆ ಚಚ್ಚಿಕೊಂಡೆ. ಭಾವನಿಗೂ ಗೊತ್ತಿಲ್ಲ! ಅಲ್ಲೇ ಕೂರಿಸಿ ರಕ್ತ ತೆಗೆದೆ.

ಏಪ್ರಿಲ್ 15, ಮಧ್ಯಾಹ್ನ
ಜಗಳಕ್ಕೆಂದೇ ಕ್ಲಿನಿಕ್ಕಿಗೆ ಹೋದೆ. ದೊಡ್ಡ ಕೈ, ಸಣ್ಣ ದನಿಯ ಮನುಷ್ಯ. ವಿಷಯ ಕೇಳಿ ಮುಖ ಬಿಳುಚಿತು.
"ಮಾತ್ರೆ ನಿಲ್ಸಿ ಅಂತ ನಾನು ಯಾವತ್ತೂ ಹೇಳಿಲ್ಲ, ಮೇಡಂ."
"ಇದು?" ಕರಪತ್ರ ಮುಖದ ಮುಂದೆ ಹಿಡಿದೆ.
"ಜಾಹೀರಾತಿನವರು ಬರೆದಿದ್ದು. ಓದೀ ಓದೀ... ನಾನೂ ನಂಬ್ಬಿಟ್ಟೆ."
ಮೇಜಿನ ಮೇಲಿದ್ದ ಕರಪತ್ರಗಳ ಇಡೀ ಕಟ್ಟನ್ನು ಕಸದ ಬುಟ್ಟಿಗೆ ಹಾಕಿದ. ನನ್ನ ಮುಂದೆಯೇ ಅಕ್ಕನಿಗೆ ಫೋನ್: "ನಾನು ನೋಡೋದು ಬೆನ್ನು ಮಾತ್ರ, ಅಮ್ಮ. ಮಾತ್ರೆ ವಿಷ್ಯ ನಿಮ್ ಡಾಕ್ಟರನ್ನ ಕೇಳಿ." ತಂದಿದ್ದ ಜಗಳ ಅರ್ಧ ಬಾಯಲ್ಲೇ ಉಳಿಯಿತು. ಹೊರಡುವಾಗ ಮೆಲ್ಲಗೆ, "ನಿಮ್ ಕುತ್ತಿಗೆ ತುಂಬಾ ಬಿಗಿಯಾಗಿದೆ..." ಬಾಗಿಲು ಧಡಾರನೆ ಹಾಕಿಕೊಂಡು ಬಂದೆ.

ಏಪ್ರಿಲ್ 16
ಅಕ್ಕನ ಟಿ.ಎಸ್.ಎಚ್. ಬಂತು, ಥೈರಾಯ್ಡ್ ಸೋತಷ್ಟೂ ಏರುವ ಅಂಕಿ. ಐದರೊಳಗೆ ಇರಬೇಕಾದದ್ದು ಎಪ್ಪತ್ತೆರಡು. ಮೆಷಿನ್ ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದೆ. ಎಪ್ಪತ್ತೊಂದು.
ಸಂಜೆಯೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಇನ್ನಷ್ಟು ದಿನ ಕಳೆದಿದ್ದರೆ ಕಷ್ಟವಿತ್ತು ಎಂದರು. ಮಾತ್ರೆ ಮತ್ತೆ ಶುರು. ದಾರಿಯಲ್ಲಿ ಬೈಯಲು ಬಾಯಿ ತೆರೆದೆ. ಅವಳೇ ಮೊದಲು:
"ಹದಿನೈದು ವರ್ಷ ಕಣೇ. ಎದ್ದ ತಕ್ಷಣ ಮಾತ್ರೆ. ನಾನು ರೋಗಿ ಅಂತ ದಿನಾ ನೆನಪು. ಯಾರೋ ಹೊಸಬಳಾಗ್ತೀಯ ಅಂದ್ರು... ಆಸೆ ಆಯ್ತು."
ಬೈಗುಳ ನುಂಗಿದೆ. ಕೈ ಹಿಡಿದುಕೊಂಡೇ ನಡೆದೆ.

ಮೇ 30
ಅಕ್ಕನ ಮುಖದ ಊತ ಇಳಿದಿದೆ. ಬೆನ್ನಿಗೆ ಅಲ್ಲಿಗೇ ಹೋಗುತ್ತಾಳೆ, ಹೋಗಲಿ. ಇಂದು ಲ್ಯಾಬಿಗೆ ಬಂದಳು. ಮೈಕ್ರೋಸ್ಕೋಪಿನಲ್ಲಿ ಅವಳದೇ ರಕ್ತದ ಹನಿ ತೋರಿಸಿದೆ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.
"ಎಷ್ಟೊಂದಿವೆ! ಇದ್ರಲ್ಲಿ ಹೊಸದು ಯಾವ್ದು?"
"ಎಲ್ಲಾ ಹೊಸವೇ. ನಾಲ್ಕು ತಿಂಗಳಿಗೊಮ್ಮೆ ತಾವೇ ಬದಲಾಗ್ತವೆ. ಯಾರೂ ಬೆನ್ನು ಒತ್ಬೇಕಾಗಿಲ್ಲ."
ತಲೆಯೆತ್ತಿ ನನ್ನನ್ನೇ ದುರುಗುಟ್ಟಿದಳು.
"ಇದನ್ನ ಮೊದ್ಲೇ ಹೇಳೋಕೆ ನಿಂಗೇನಾಗಿತ್ತು ದಾಡಿ?"
ನನಗೆ! ದಾಡಿ! ನಾನು ಬಾಯಿ ಬಿಟ್ಟಾಗಲೆಲ್ಲ ಕರಪತ್ರ ಓದಿದವಳು ಇವಳು!