ನುಂಗಿದ ಕೆಮ್ಮು

ಎರಡನೇ ಸೆಖೆಗಾಲದ ಮೂವತ್ತೊಂಬತ್ತನೇ ತಾರೀಕು, ೨೧೮೩

ಕುವೈತಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ, ಉಪ್ಪುಂದದ ರತ್ನಾಕರಜ್ಜನಿಗೆ,

ನಾನು ನಿಮ್ಮ ಆರನೇ ತಲೆಮಾರಿನವಳು. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿಮ್ಮ ಊರಿನವರು ಈಗ ಏಳು ದೇಶಗಳಲ್ಲಿದ್ದೇವೆ. ಹೋದಲ್ಲೆಲ್ಲ ‘ನುಂಗುಶಾಸ್ತ್ರ’ವನ್ನೂ ಕೊಂಡೊಯ್ದಿದ್ದೇವೆ. ಮಗುವಿಗೆ ಮೂರು ತುಂಬಿದ ದಿನ ನೆಂಟರೆಲ್ಲ ಸೇರಿ ಅದರ ನಾಲಿಗೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸುತ್ತೇವೆ. ಕೆಮ್ಮದೆ ನುಂಗಿಕೊಂಡರೆ ಬೆಲ್ಲದ ಅಚ್ಚು, ಚಪ್ಪಾಳೆ. ಕೆಮ್ಮಿದ ಮಗುವಿನ ತಾಯಿ ವರ್ಷವಿಡೀ ತಲೆ ತಗ್ಗಿಸಿ ಓಡಾಡಬೇಕು. ಯಾಕೆ ಹೀಗೆಂದು ಯಾರಿಗೂ ಗೊತ್ತಿಲ್ಲ. ದೊಡ್ಡವರು ಹೇಳಿದ್ದು, ಅಷ್ಟೆ.

ನನ್ನ ಮಗಳು ಇಂಚರ ಎರಡು ಸಲ ನುಂಗಿ ಎರಡು ಅಚ್ಚು ಬೆಲ್ಲ ಗೆದ್ದಿದ್ದಳು. ನಾನು ಬೀಗಿದ್ದೆ. ಒಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಕ್ಷಯ ಅಂಟಿತು. ಇಲ್ಲಿ ಪ್ರತಿ ಬೀದಿಯಲ್ಲೂ ‘ಕೆಮ್ಮುಗಿವಿ’ ಎಂಬ ಯಂತ್ರವಿದೆ. ಅದಕ್ಕೆ ಕೆಮ್ಮು ಕೇಳಿಸಿದರೆ ಸಾಕು, ಸಂಜೆಯೊಳಗೆ ಮಾತ್ರೆ ಮನೆಗೆ ಬರುತ್ತದೆ. ಆರು ವಾರ ನುಂಗಿದರೆ ವಾಸಿ. ಅವಳು ಏಳು ತಿಂಗಳು ಕೆಮ್ಮನ್ನೇ ನುಂಗಿದಳು. ಜಾಣೆ ಎಂದು ನಾನೇ ಬೆನ್ನು ತಟ್ಟಿದ್ದೆ. ಹೋದ ಸೆಖೆಗಾಲದಲ್ಲಿ ಅವಳನ್ನು ಮಣ್ಣು ಮಾಡಿದೆವು.

ಆಮೇಲೆ ಈ ಶಾಸ್ತ್ರದ ಬುಡ ಹುಡುಕಿಕೊಂಡು ದನಿಯುಗ್ರಾಣಕ್ಕೆ ಹೋದೆ. ನಿಮ್ಮ ಕಾಲದವರ ವಾಯ್ಸ್ ಮೆಸೇಜುಗಳನ್ನೆಲ್ಲ ಅಲ್ಲಿ ಇಟ್ಟಿದ್ದಾರೆ. ದುಬೈಯಲ್ಲಿ ಕೆಲಸಕ್ಕಿದ್ದ ತಮ್ಮನಿಗೆ ನೀವು ಕಳಿಸಿದ್ದು ಸಿಕ್ಕಿತು: “ಕೆಮ್ಮ್ ಬಂದ್ರೆ ನುಂಗ್ಕೋ ಮಾರಾಯಾ. ಡಾಕ್ಟ್ರ ಹತ್ರ ಹೋಪ್ದ್ ಬ್ಯಾಡ. ಎಕ್ಸ್‌ರೇಯಂಗೆ ಕಲೆ ಕಂಡ್ರೆ ವೀಸಾ ಹೋಯ್ತ್.” ತಮ್ಮ ಅದನ್ನು ಊರಿನ ಗ್ರೂಪಿಗೆ ಹಾಕಿದ. ಗ್ರೂಪಿನವರು ಮಸ್ಕತ್, ದೋಹಾಗಳಿಗೆ ದಾಟಿಸಿದರು. ರಜೆಯಲ್ಲಿ ಊರಿಗೆ ಬಂದವರು ಹೆಂಡತಿ ಮಕ್ಕಳಿಗೂ ಕಲಿಸಿದರು. ಕಲಿಸಿದ್ದೇ ಶಾಸ್ತ್ರವಾಯಿತು.

ವೀಸಾ ಎಂದರೇನೆಂದು ನಾನು ಕೇಳಿ ತಿಳಿಯಬೇಕಾಯಿತು. ಅದು ಇಲ್ಲವಾಗಿ ಎಂಬತ್ತು ವರ್ಷವಾಗಿದೆ ಅಜ್ಜ. ನಿಮ್ಮ ಹೆದರಿಕೆ ಮಾತ್ರ ನನ್ನ ಮನೆಯಲ್ಲಿ ಉಳಿದಿತ್ತು. ಬೈಯಬೇಕಾದದ್ದು ನಿಮ್ಮನ್ನು ಹೆದರಿಸಿದವರನ್ನು ಎಂದು ನನಗೂ ಗೊತ್ತು. ಅವರ ದನಿ ಎಲ್ಲೂ ಸಿಗಲಿಲ್ಲ, ನಿಮ್ಮದು ಸಿಕ್ಕಿತು.

ಆ ಮೆಸೇಜಿನ ಕೊನೆಯಲ್ಲಿ ನಿಮ್ಮ ಮಾತು ತಡೆಯುತ್ತದೆ, ಗಂಟಲಲ್ಲಿ ಗುಟುಕ್ಕೆಂದು ಸಣ್ಣ ಸದ್ದಾಗುತ್ತದೆ. ಅದೇನೆಂದು ನನಗೆ ಗೊತ್ತು. ಪಕ್ಕದ ಹಾಸಿಗೆಯಿಂದ ಏಳು ತಿಂಗಳು ಕೇಳಿದ್ದೇನೆ.

ಆ ಮೆಸೇಜು ಕಳಿಸುವ ಮುನ್ನ ಒಮ್ಮೆ ಕೆಮ್ಮಿಬಿಡಿ ಅಜ್ಜ. ತಮ್ಮನಿಗೆ ಕೇಳಿಸಲಿ.

ಇಂಚರಳ ಅಮ್ಮ